ಸಹಾಯ ಬೇಕು: ಯಕ್ಷಗಾನದ ಫೋಟೋಗೆ ಕ್ಯಾನನ್ ಆರ್50 ತಗೊಳ್ಳಲಾ, ಸೋನಿ ಆರ್‌ಎಕ್ಸ್100 ಮಾರ್ಕ್ 7 ತಗೊಳ್ಳಲಾ?

ಎಲ್ಲರಿಗೂ ನಮಸ್ಕಾರ. ರಾತ್ರಿ ಬಯಲಾಟ ನೋಡುವ ಹುಚ್ಚು ನನಗೆ. ಮೊಬೈಲಿನಲ್ಲಿ ತೆಗೆದರೆ ವೇಷ ಗಿರಕಿ ಹೊಡೆದ ಕೂಡಲೇ ಕಿರೀಟ ಮಸುಕು, ಮುಖದ ಬಣ್ಣವೆಲ್ಲ ಬೆಳ್ಳಗೆ. ಅದಕ್ಕೇ ಕ್ಯಾಮೆರಾ ಹುಡುಕುತ್ತಿದ್ದೇನೆ.

ಆರ್50ರ ಎಪಿಎಸ್-ಸಿ ಅಳತೆಯ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಸೋನಿಯ 1 ಇಂಚಿನ ಸೆನ್ಸರ್‌ಗಿಂತ ಹೆಚ್ಚುಕಡಿಮೆ ಮೂರು ಪಟ್ಟು ದೊಡ್ಡದು. ಆದರೆ ಜೊತೆಗೆ ಬರುವ 18-45 ಎಂಎಂ ಲೆನ್ಸ್ ಪೂರ್ತಿ ಝೂಮ್ ಮಾಡಿದರೆ ಎಫ್/6.3 (ಈ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ), ಅಷ್ಟಾದರೂ ರಂಗಸ್ಥಳ ದೂರವೇ. ಸೋನಿಯಲ್ಲಿ ಫುಲ್‌ಫ್ರೇಮ್ (ದೊಡ್ಡ ಸೆನ್ಸರ್) ಲೆಕ್ಕದಲ್ಲಿ 24-200 ಎಂಎಂ ಒಂದೇ ಲೆನ್ಸ್, 200ರಲ್ಲೂ ಎಫ್/4.5. ಅಂದರೆ ಕ್ಯಾನನ್‌ಗೆ ಸೆನ್ಸರ್ ಕೊಟ್ಟದ್ದರಲ್ಲಿ ಹೆಚ್ಚಿನ ಪಾಲು ಲೆನ್ಸೇ ತಿಂದುಹಾಕುತ್ತದೆ, ಅಲ್ವಾ?

50 ಎಂಎಂ ಎಫ್/1.8 ಲೆನ್ಸ್ ಸೇರಿಸಿದರೆ ಕಥೆಯೇ ಬೇರೆ. ಅದೇ ಲೆಕ್ಕದಲ್ಲಿ ಆರ್50ರಲ್ಲಿ ಅದು 80ರಷ್ಟು ಹತ್ತಿರ ತೋರಿಸುತ್ತದೆ. ಮುಂದಿನ ಸಾಲಿನಲ್ಲಿ ಜಾಗ ಸಿಕ್ಕರೆ ಸಾಕು, ಆದರೆ ಚೌಕಿಯ ಇಕ್ಕಟ್ಟಿನಲ್ಲಿ ಬಣ್ಣ ಹಚ್ಚುವುದನ್ನು ತೆಗೆಯಲು ಮತ್ತೆ ಲೆನ್ಸ್ ಬದಲಿಸಬೇಕು. ಸೋನಿ ಬರೀ 302 ಗ್ರಾಂ, ಜೇಬಿಗಿಳಿಯುತ್ತದೆ. ನನ್ನ ಮಟ್ಟಿಗೆ ಅದು ಸಣ್ಣ ವಿಷಯವಲ್ಲ.

ರಂಗದ ಬೆಳಕಿನಲ್ಲಿ ಫೋಟೋ ತೆಗೆಯುವವರು ಹೇಳಿ: 1 ಇಂಚಿನ ಸೆನ್ಸರ್‌ನಲ್ಲಿ ಐಎಸ್ಒ (ಕಡಿಮೆ ಬೆಳಕಿಗೆ ಏರಿಸುವ ಸೆಟ್ಟಿಂಗ್) 3200 ಇಟ್ಟರೆ ಎ4 ಪ್ರಿಂಟ್ ಚೆನ್ನಾಗಿ ಬರುತ್ತದಾ? ಗದ್ದೆಯ ಧೂಳಿಗೆ ಒಳಗೆ ಹೊರಗೆ ಹೋಗುವ ಸೋನಿಯ ಲೆನ್ಸ್ ತಡೆಯುತ್ತದಾ? ಸುಮ್ನೆ ಸ್ಪೆಕ್ಸ್ ಬೇಡ, ನೀವೇ ತೆಗೆದ ಫೋಟೋ ಇದ್ದರೆ ಹಾಕಿ.