ಓದುಗರ ಸ್ಪಂದನ: ಕೋಚ್ ಬೈಗುಳ ತಡ್ಕೊಳ್ಳೋದಾ, ಟೀಮ್ ಬಿಡೋದಾ?

"ಕಾಲು ನೋವು ಅಂದ್ರೆ ನಾಟಕ ಅಂತಾರೆ, ಎಲ್ಲರ ಮುಂದೆ ದಪ್ಪ ಆಗಿದೀಯ ಅಂತಾರೆ, ಬಿಟ್ರೆ ಸ್ಪೋರ್ಟ್ಸ್ ಕೋಟಾ ಸೀಟಿನ ಗತಿ ಏನು?" ಅಂತ ಕೇಳಿದ್ದ ಕಾಲೇಜು ಓಟಗಾರ್ತಿಗೆ ಬಂದ ಉತ್ತರಗಳು.

ತಂಗೀ, ನಾನೂ 400 ಮೀಟರ್ ಓಡ್ತಿದ್ದೋಳು. ನಮ್ ಸರ್ ಬೆಳಗ್ಗೆ ಐದೂವರೆಗೆ ಗ್ರೌಂಡಲ್ಲಿರ್ಬೇಕು ಅಂದ್ರೆ ಇರ್ಬೇಕು, ಲೇಟಾದ್ರೆ ಎರಡು ರೌಂಡ್ ಎಕ್ಸ್‌ಟ್ರಾ, ವಾಂತಿ ಬರೋವರೆಗೂ ಓಡ್ಸಿದ್ದೂ ಉಂಟು, ಅದಕ್ಕೆಲ್ಲ ನಂಗೆ ಇವತ್ತಿಗೂ ಬೇಜಾರಿಲ್ಲ. ಆದ್ರೆ ಒಂದಿನ ಹುಡುಗರೆಲ್ಲ ನಿಂತಿರೋವಾಗ "ಎಮ್ಮೆ" ಅಂದ್ರಲ್ಲ, ಅದು ಇನ್ನೂ ಕಿವೀಲಿದೆ. ಇದೆಲ್ಲ ಮಾಮೂಲಿ ಅಂತ ನಿನ್ ಸೀನಿಯರ್ಸ್ ಹೇಳ್ತಾರೆ, ನಂಬ್ಬೇಡ.
– ಗೃಹಿಣಿ, ದಾವಣಗೆರೆ

ಉಳಿದದ್ದೆಲ್ಲಾ ಆಮ್ಯಾಲವಾ, ಮೊದ್ಲ ಕಾಲು ತೋರಿಸ್ಕೊ. ಮೊಣಕಾಲ ಕೆಳಗ ಎಲುಬಿನ ಉದ್ದಕ್ಕೂ ನೋಯ್ತಿದ್ರ ಅದು ಬ್ಯಾರೆ, ಬೆರಳಿಟ್ಟು ಒತ್ತಿದ್ರ ಒಂದ ಜಾಗಾದಾಗ ಜೀವ ಹೋದಂಗ ಆಗ್ತಿದ್ರ, ರಾತ್ರಿ ಮಲಗಿದಾಗೂ ನೋವಿದ್ರ ಸಣ್ಣ ಬಿರುಕು ಬಿಟ್ಟಿರಬಹುದು. ಶುರುವಿನಾಗ ಎಕ್ಸ್‌ರೇದಾಗ ಕಾಣೂದ ಇಲ್ಲ ಎಷ್ಟೋ ಸಲ, ಎಂಆರ್‌ಐ ಬೇಕಾಗ್ತದ. ದಪ್ಪ ಅಂದ್ರಂತ ಊಟಾ ಬಿಟ್ಟೀ ಏನು? ಮುಟ್ಟು ಸರಿಯಾಗಿ ಆಗ್ತದೋ ಇಲ್ಲೋ? ಊಟ ಕಡಿಮಿ ಮಾಡಿ ಓಟ ಹೆಚ್ಚು ಮಾಡಿದ ಹುಡುಗ್ಯಾರಿಗೆ ಮುಟ್ಟು ನಿಂತು ಎಲುಬು ಸೊರಗತಾವ, ನನ್ನ ಕಡೆ ಇಂಥಾವರು ಬರ್ತನ ಇರ್ತಾರ.
– ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ

ನಾವಿರೋದು ಅಮೆರಿಕಾದ ಮೇರಿಲ್ಯಾಂಡ್‌ನಲ್ಲಿ. ಇಲ್ಲಿ ಯೂನಿವರ್ಸಿಟಿ ಫುಟ್‌ಬಾಲ್ ಟೀಮಿನ ಜೋರ್ಡನ್ ಮೆಕ್‌ನೇರ್ ಅನ್ನೋ ಹುಡುಗ, 19 ವರ್ಷ, 2018ರ ಮೇ 29ರಂದು 110 ಗಜದ ಓಟಗಳನ್ನ ಓಡ್ತಾ ಓಡ್ತಾ ಸುಸ್ತಾಗಿ ಬಿದ್ದ, ಮೈ ಕಾದ ಕೆಂಡ ಆಗಿತ್ತು, ತಣ್ಣೀರಿನ ತೊಟ್ಟೀಲಿ ಕೂರಿಸೋ ಕೆಲಸಾನೂ ಯಾರೂ ಮಾಡ್ಲಿಲ್ಲ, ಜೂನ್ 13ಕ್ಕೆ ತೀರ್ಕೊಂಡ. ಆಮೇಲೆ ಯೂನಿವರ್ಸಿಟಿ ಅಧ್ಯಕ್ಷರೇ ಇದು ನಮ್ಮ ಹೊಣೆ ಅಂತ ಒಪ್ಕೊಂಡ್ರು, ಅಕ್ಟೋಬರ್ ಕೊನೇಲಿ ಹೆಡ್ ಕೋಚನ್ನ ತೆಗೆದ್ರು. ನಮ್ಮ ಮಗನೂ ಕಾಲೇಜಲ್ಲಿ ಆಡ್ತಾನೆ, ಅವತ್ತಿಂದ ಅವನು ಸುಸ್ತು ಅಂದ್ರೆ ನಾನು "ಸ್ವಲ್ಪ ತಡ್ಕೋ" ಅನ್ನೋದು ಬಿಟ್ಟಿದೀನಿ.
– ಒಬ್ಬ ತಾಯಿ

ಮಗಳೇ, ನಾನು ರಿಟೈರ್ಡ್ ಪಿ.ಇ. (ದೈಹಿಕ ಶಿಕ್ಷಣ) ಡೈರೆಕ್ಟರ್. ಕೈ ಮಾಡಿದೀನಿ, ಬೈದಿದೀನಿ, ಈಗ ತಪ್ಪು ಅಂತ ಗೊತ್ತಾಗಿದೆ. ಕೊನೆಕೊನೆಗೆ ಹುಡುಗ್ರು "ಈ ವರ್ಕೌಟ್ ಯಾಕೆ ಸಾರ್" ಅಂತ ಕೇಳೋಕೆ ಶುರು ಮಾಡಿದ್ರು, ಮೊದಮೊದಲು ಉರಿದುಹೋಗ್ತಿತ್ತು, ಆಮೇಲೆ ಉತ್ತರ ಹೇಳೋಕೆ ನಾನೇ ಓದ್ಕೊಳ್ಬೇಕಾಯ್ತು. ಕಟ್ಟುನಿಟ್ಟು ಬೇಡ ಅನ್ನಲ್ಲ, 2016ರ ರಿಯೋ ಒಲಿಂಪಿಕ್ಸ್‌ಗೆ ಮುಂಚೆ ಬ್ಯಾಡ್ಮಿಂಟನ್ ಕೋಚ್ ಗೋಪಿಚಂದ್ ಮೂರು ತಿಂಗಳು ಪಿ.ವಿ. ಸಿಂಧು ಕೈಗೆ ಫೋನೇ ಕೊಟ್ಟಿರ್ಲಿಲ್ಲ, ಬೆಳ್ಳಿ ಬಂತು. ಅದು ಆಟಕ್ಕಾಗಿ ಮಾಡಿದ್ದು. ನಿಂಗೆ ಆಗ್ತಿರೋದು ಬೇರೆ. ಕೋಚ್ ಹತ್ರ ಒಬ್ಳೇ ಹೋಗ್ಬೇಡ, ಅಪ್ಪ ಅಮ್ಮನ್ನ ಕರ್ಕೊಂಡು ಡಾಕ್ಟರ್ ಚೀಟಿ ಹಿಡ್ಕೊಂಡು ಹೋಗು. ಕೇಳ್ಲಿಲ್ಲ ಅಂದ್ರೆ ಪ್ರಿನ್ಸಿಪಾಲರಿಗೆ ಬರೆದು ಕೊಡು, ಸೀಲ್ ಹಾಕಿಸ್ಕೊಂಡು ಒಂದು ಕಾಪಿ ನಿನ್ ಹತ್ರ ಇಟ್ಕೋ.
– ಮಂಡ್ಯ