ತೋಡಿಗೆ ರೋಡಿನ ಅಡಿ ಮೋರಿ ಬೇಕು, ಆದಿತ್ಯವಾರ ಎಲ್ಲರೂ ಬನ್ನಿ

ತೋಡಿನ ಬದಿ ಮನೆ: ಬೆಳಿಗ್ಗೆ ಹೋಗಿ ನೋಡಿ ಬಂದೆ. ಏಪ್ರಿಲಲ್ಲಿ ರೋಡಿಗೆ ಮಣ್ಣು ತುಂಬಿಸಿದ ಮೇಲೆ ಮದಕಕ್ಕೂ (ಕೆರೆ) ಬೈಲಿನ ಗದ್ದೆಗೂ ನಡುವೆ ಇದ್ದ ತೋಡು (ಸಣ್ಣ ಹಳ್ಳ) ಪೂರ್ತಿ ಬಂದ್ ಆಗಿದೆ. ಮದಕದಲ್ಲಿ ನೈದಿಲೆ ಇದ್ದಲ್ಲೆಲ್ಲ ಅಂತರಗಂಗೆ ಕಳೆ, ಕೋಲಲ್ಲಿ ಸರಿಸಿದ್ರೆ ಅಡಿಯಲ್ಲಿ ಕಪ್ಪು ನೀರು, ವಾಸನೆ. ಈಚೆ ಗದ್ದೆಯಲ್ಲಿ ಈ ಮಳೆಗೆ ಒಂದು ಮುಗುಡು ಮೀನು ಕಾಣ್ಲಿಲ್ಲ, ನಿಂತ ನೀರಲ್ಲಿ ಸೊಳ್ಳೆಮರಿ ಮಾತ್ರ.

ಅಂಗಡಿ ಹಿಂದಿನ ಮನೆ: ರೋಡಿನ ಅಡಿ ಪೈಪ್ ಇಡ್ತೇವೆ ಹೇಳಿ ರೋಡಿನವರು ಹೇಳಿದ್ದಾರಲ್ಲ, ಅಷ್ಟು ಸಾಲದಾ?

ತೋಡಿನ ಬದಿ ಮನೆ: ಸಾಲದು ಅಣ್ಣ. ಪೈಪ್ ತೋಡಿನ ಅಡಿಗಿಂತ ಮೇಲೆ ಕೂತ್ರೆ ನೆರೆನೀರು ಹೋದೀತು, ಮೀನು ಹತ್ತುವುದಿಲ್ಲ. ಮೊದಲ ಮಳೆಗೆ ಮೀನು ನೀರಿಗೆ ಎದುರಾಗಿ ಗದ್ದೆಗೆ ಬರುವುದು ಮೊಟ್ಟೆ ಇಡ್ಲಿಕ್ಕೆ, ಅಲ್ಲಿ ತೆಳು ನೀರಲ್ಲಿ ಮರಿಗಳಿಗೆ ತಿನ್ಲಿಕ್ಕೆ ಬೇಕಾದಷ್ಟು ಉಂಟು, ಮತ್ತೆ ಗದ್ದೆ ಒಣಗುವ ಮೊದಲು ಇಳಿದು ಮದಕ ಸೇರ್ಬೇಕು, ಹೋಗುವ ಬರುವ ದಾರಿ ಎರಡೂ ತೋಡೇ. ಮೀನಿಲ್ಲದಲ್ಲಿಗೆ ಕೊಕ್ಕರೆ ಯಾಕೆ ಬರ್ತದೆ? ಗಿಡಕ್ಕೂ ಹಾಗೇ, ನೈದಿಲೆ ಬೀಜ ತೇಲಿ ಹೋಗಿ ಬೇರೆ ಕಡೆ ಬೇರು ಬಿಡುವುದು, ಇನ್ನು ಕೆಲವು ಹುಲ್ಲಿನ ಬೀಜಕ್ಕೆ ನೀರು ಇಳಿದು ಕೆಸರು ಕಂಡ್ರೆ ಮಾತ್ರ ಮೊಳಕೆ. ನೀರು ಏರಿ ಇಳಿಯದಿದ್ರೆ ಎಲ್ಲ ಹೋಯ್ತು.

ಪದವಿನ ಟೀಚರ್: ಹಾಗಾದ್ರೆ ಪದವಿನ (ಮೇಲಿನ ಕೆಂಪುಕಲ್ಲಿನ ಬಯಲು) ಪಳ್ಳದಿಂದಲೂ (ಮಳೆನೀರು ನಿಲ್ಲುವ ಹೊಂಡ) ಒಂದು ಚರಂಡಿ ಕಡಿದು ತೋಡಿಗೆ ಸೇರಿಸುವನಾ? ಜೆಸಿಬಿ ಹೇಗೂ ಬರ್ತದೆ.

ತೋಡಿನ ಬದಿ ಮನೆ: ಅದು ಮಾತ್ರ ಬೇಡ ಟೀಚರ್, ದಯಮಾಡಿ. ಪಳ್ಳ ಬೇಸಿಗೆಗೆ ಒಣಗ್ತದೆ, ಹಾಗಾಗಿಯೇ ಅಲ್ಲಿ ಮೀನಿಲ್ಲ, ಮೀನಿಲ್ಲದ ಕಾರಣವೇ ಅಷ್ಟು ಕಪ್ಪೆಮರಿ ಬದುಕುವುದು. ಓಣಂ ಹೊತ್ತಿಗೆ ಮುರಕಲ್ಲ ಮೇಲೆ ಚಾಪೆ ಹಾಸಿದ ಹಾಗೆ ನೀಲಿ ಹೂ ಬರ್ತದಲ್ಲ, ಮಕ್ಕಳು ಕಾಕ್ಕಪ್ಪೂ ಹೇಳಿ ಕೊಯ್ಯುವುದು, ಅದು ನೀರೊಳಗಿನ ಸಣ್ಣ ಹುಳ ಹಿಡಿದು ತಿನ್ನುವ ಗಿಡ, ಕಲ್ಲಿನ ಮೇಲೆ ಆ ಎರಡು ಬೆರಳು ನೀರು ನಿಂತ್ರೇ ಅದಕ್ಕೆ ಬದುಕು. ಚರಂಡಿ ಕಡಿದ್ರೆ ಒಂದೇ ವರ್ಷದಲ್ಲಿ ಎಲ್ಲ ಖಾಲಿ. ತೋಡನ್ನು ಬಿಡಿಸುವ, ಪಳ್ಳವನ್ನು ಹಾಗೇ ಬಿಡುವ.

ಪದವಿನ ಟೀಚರ್: ಆಯ್ತು, ಗೊತ್ತಿರ್ಲಿಲ್ಲ. ಅರ್ಜಿ ನಾನು ಬರೀತೇನೆ, ಕನ್ನಡದಲ್ಲೂ ಮಲಯಾಳದಲ್ಲೂ. ಯಾರಿಗೆ ಕೊಡುವುದು?

ಅಂಗಡಿ ಹಿಂದಿನ ಮನೆ: ಕೃಷಿಭವನಕ್ಕೆ (ಕೃಷಿ ಆಫೀಸು). ಕೇರಳದ 2008ರ ಗದ್ದೆ ಸಂರಕ್ಷಣೆ ಕಾನೂನಿನಲ್ಲಿ ಪಂಚಾಯತ್ ಮಟ್ಟದ ಸಮಿತಿ ಉಂಟು, ಪ್ರೆಸಿಡೆಂಟ್ ಅಧ್ಯಕ್ಷರು, ಕೃಷಿ ಆಫೀಸರ್ ಸಂಚಾಲಕರು, ವಿಲೇಜ್ ಆಫೀಸರೂ ಮೂವರು ಕೃಷಿಕರೂ ಇರ್ತಾರೆ.

ತೋಡಿನ ಬದಿ ಮನೆ: ಪೈಪ್ ಅಲ್ಲ, ಅಗಲದ ಬಾಕ್ಸ್ ಮೋರಿ, ಅದರ ಅಡಿ ತೋಡಿನ ಅಡಿಗೆ ಸಮ ಇರ್ಬೇಕು, ಇದನ್ನು ಸ್ಪಷ್ಟ ಬರೀರಿ ಟೀಚರ್. ಕಳೆದ ವರ್ಷದ ಮೊದಲ ಮಳೆಗೆ ಮುಗುಡು ಹತ್ತುವ ವಿಡಿಯೋ ನನ್ನ ಮೊಬೈಲಲ್ಲಿ ಉಂಟು, ಅದನ್ನೂ ತೋರಿಸುವ. ಆದಿತ್ಯವಾರ 4 ಗಂಟೆಗೆ ತೋಡಿನ ಹತ್ರ, ಕತ್ತಿ ಇದ್ದವರು ತನ್ನಿ, ಅಂತರಗಂಗೆ ಎಳೆದು ಹಾಕ್ಲಿಕ್ಕೆ ಉಂಟು.