ಸಹಾಯ ಬೇಕು: ಕಾಲರ್ ಬೋನ್‌ನಲ್ಲಿ ಪ್ಲೇಟ್ ಇಟ್ಟುಕೊಂಡೇ ರೇಸ್‌ಗೆ ಇಳಿದವರು ಇದ್ದೀರಾ?

ನಮಸ್ಕಾರ. ನಾನು ಶಿರಸಿ ಕಡೆಯವನು. 4 ವರ್ಷದಿಂದ ಸೈಕಲ್ ರೇಸ್‌ಗಳಿಗೆ ಹೋಗುತ್ತಿದ್ದೆ. ಜೂನ್‌ನಲ್ಲಿ ದೇವಿಮನೆ ಘಟ್ಟ ಇಳಿಯುವಾಗ ತಿರುವಿನಲ್ಲಿ ಮುಂದಿನ ಚಕ್ರ ಜಾರಿತು. ಮಳೆ, ರಸ್ತೆ ಅಂಚಿನ ಪಾಚಿ, ಅದರ ಮೇಲೆ ನನ್ನ ಅವಸರ. ಎಡಗಡೆ ಕಾಲರ್ ಬೋನ್ (ಕತ್ತು-ಭುಜದ ನಡುವಿನ ಮೂಳೆ) ಮುರಿದು, ಲೋಹದ ಪ್ಲೇಟ್ ಮತ್ತು 7 ಸ್ಕ್ರೂ ಹಾಕಿದ್ದಾರೆ.

ಈಗ 5 ತಿಂಗಳಾಯಿತು. ಮೂಳೆ ಕೂಡಿದೆ, ಸೈಕಲ್ ಹೊಡೆಯಬಹುದು ಅಂತ ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದ್ದಾರೆ. ಮೊದಲು ಜಗಲಿಯಲ್ಲೇ ಟ್ರೇನರ್ (ಸೈಕಲ್ ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಮೇಲೆ ತುಳಿದೆ. ಅಡಿಕೆ ಕೊನೆ ಕೊಯ್ಲಿಗೆ ಬಂದವರು "ತಮಾ, ಎಷ್ಟು ತುಳಿದರೂ ಅಲ್ಲೇ ಇದ್ದೀಯಲ್ಲೋ" ಅಂತ ನಕ್ಕರು. ಆಮೇಲೆ ಬನವಾಸಿ ರಸ್ತೆಯಲ್ಲಿ 40 ಕಿ.ಮೀ. ಹೋಗಿ ಬಂದೆ. ನೋವಿಲ್ಲ. ಆದರೆ ಹ್ಯಾಂಡಲ್ ಮೇಲೆ ತುಂಬ ಬಗ್ಗಿದರೆ ಪ್ಲೇಟ್ ಇರುವ ಕಡೆ ಚರ್ಮ ಎಳೆದ ಹಾಗಾಗುತ್ತದೆ. ಬ್ಯಾಗಿನ ಪಟ್ಟಿಯೂ ಅಲ್ಲೇ ಒತ್ತುತ್ತದೆ. ಇಳಿಜಾರು ಬಂದರಂತೂ ಬೆರಳು ಬ್ರೇಕ್ ಬಿಡುವುದೇ ಇಲ್ಲ. ಅದು ಹೆದರಿಕೆ, ಗೊತ್ತು.

ಈ ಸೀಸನ್ ರೇಸ್ ಬೇಡ ಅಂತ ನಾನೇ ನಿರ್ಧರಿಸಿದ್ದೇನೆ. ಗೊಂದಲ ಮುಂದಿನದ್ದು. ತೊಂದರೆ ಇಲ್ಲದಿದ್ದರೆ ಪ್ಲೇಟ್ ಒಳಗೇ ಇರಲಿ, ತೆಗೆಸುವುದಾದರೆ ಒಂದೂವರೆ ವರ್ಷ ಆಗಲಿ ಅಂದಿದ್ದಾರೆ ಡಾಕ್ಟರು. ತೆಗೆದ ಮೇಲೂ ಸ್ಕ್ರೂ ತೂತು ತುಂಬುವ ತನಕ ಹುಷಾರಾಗಿರಬೇಕಂತೆ. ಅಂದರೆ ಇನ್ನೊಂದು ಸೀಸನ್ನೂ ಹೋಯಿತು, ಅಲ್ವಾ? ಪ್ಲೇಟ್ ಇಟ್ಟುಕೊಂಡು ಮತ್ತೆ ಬಿದ್ದರೆ ಅದರ ಪಕ್ಕದಲ್ಲೇ ಮುರಿಯಬಹುದು ಅನ್ನುತ್ತಾರೆ ನಮ್ಮ ಕೋಚ್.

ಇದನ್ನು ಅನುಭವಿಸಿದವರು ಹೇಳಿ: ಪ್ಲೇಟ್ ಇಟ್ಟುಕೊಂಡೇ ರೇಸ್‌ಗೆ ಮರಳಿದಿರಾ, ತೆಗೆಸಿಯೇ ಹೋದಿರಾ? ತೆಗೆಸಿದ್ದರೆ ಎಷ್ಟು ವಾರ ಸೈಕಲ್ ಮುಟ್ಟಲಿಲ್ಲ?